ಕಡಲ ಮೇಲಿನ ಕಾವಲು

ಬಂಟವಾಳದ ಪೇಟೆಯಲ್ಲಾಗಲಿ, ಬೆಳ್ತಂಗಡಿಯ ತೋಟದ ಮನೆಯಲ್ಲಾಗಲಿ, ಮೂಡಬಿದಿರೆಯ ಬಸದಿಗಳ ಬೀದಿಯಲ್ಲಾಗಲಿ ನಿಂತವರಿಗೆ ಕಡಲು ಕಾಣುವುದಿಲ್ಲ. ಆದರೂ ಕಡಲಿನ ಋಣವಿಲ್ಲದೆ ನಮ್ಮ ಮನೆಗಳಲ್ಲಿ ಒಂದು ದಿನವೂ ಕಳೆಯದು. ಅಡಿಗೆಯ ಉಪ್ಪು ಮೀನುಗಳೂ, ಅಡಿಕೆಯ ತೋಟಕ್ಕೆ ಸುರಿಯುವ ಮುಂಗಾರು ಮಳೆಯೂ ಕಡಲಿನಿಂದಲೇ ಬರತಕ್ಕವು. ಕೊಲ್ಲಿಯ ದೇಶಗಳಲ್ಲಿ ದುಡಿಯುವ ನಮ್ಮ ಮಕ್ಕಳು ಬಜಪೆಯಲ್ಲಿ ವಿಮಾನವನ್ನೇರಿ ಅರಬ್ಬೀ ಸಮುದ್ರದ ಮೇಲಿನಿಂದಲೇ ಹೋಗಬೇಕು, ಅದರ ಮೇಲಿನಿಂದಲೇ ಮರಳಬೇಕು. ಆ ಸಮುದ್ರದಲ್ಲಿ ನಮ್ಮ ನೌಕಾದಳದ ಹಡಗುಗಳು ಹಗಲಿರುಳೂ ಕಾವಲಿರುವುವು. ಆಕಾಶಮಾರ್ಗವಾಗಿ ಬರುವ ವಿಮಾನವನ್ನು ಬಲುದೂರದಲ್ಲಿರುವಾಗಲೇ ಅರಿತುಕೊಳ್ಳಲು ಆ ಹಡಗುಗಳಿಗಿರುವ ಸಾಧನವೇ ರೇಡಾರ್. ಅದು ಹೇಗೆ ಕೆಲಸ ಮಾಡುವುದು, ಎಲ್ಲಿಯವರೆಗೆ ಅದನ್ನು ನಂಬಬಹುದು, ಅದು ತಂದ ಸುದ್ದಿಯನ್ನು ಮನುಷ್ಯನು ಹೇಗೆ ಬಳಸಿದನು ಎಂಬುದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ. ಯುದ್ಧದ ಮಾತು ಮನೆಯವರಿಗೇಕೆ ಎಂದು ನಮ್ಮ ಸಹೋದರಿಯರು ಪುಟವನ್ನು ಮಗುಚದಿರಲಿ. ಇದು ಮುಖ್ಯವಾಗಿ ಎಚ್ಚರಿಕೆಯ ಮಾತು. ಎಚ್ಚರಿಕೆಯು ಮನೆಗೂ ಬೇಕಾದುದೇ.

ಮೊದಲು ಕಣ್ಣಿನ ಅಳವನ್ನು ತಿಳಿಯೋಣ. ಪಣಂಬೂರಿನ ಮರಳಿನ ಮೇಲೆ ನಿಂತು ಪಡುವಣಕ್ಕೆ ನೋಡುವವನಿಗೆ ಸಮುದ್ರವು ಕೊನೆಯಿಲ್ಲದಂತೆ ತೋರುವುದು. ವಾಸ್ತವವಾಗಿ ನೀರೂ ಬಾನೂ ಕೂಡಿದಂತೆ ಕಾಣುವ ಆ ಗೆರೆಯು ಅವನಿಂದ ಸುಮಾರು ನಾಲ್ಕೂವರೆ ಕಿಲೋಮೀಟರು ದೂರದಲ್ಲಿ ಮಾತ್ರವೇ ಇರುವುದು. ಭೂಮಿಯು ಗುಂಡಾಗಿರುವುದರಿಂದ ಅದರಾಚೆಯ ನೀರು ಕೆಳಕ್ಕೆ ಬಾಗಿ ಮರೆಯಾಗುವುದು. ಮೇಲಕ್ಕೇರಿದಷ್ಟೂ ಈ ಗೆರೆಯು ದೂರಕ್ಕೆ ಸರಿಯುವುದು. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲನ್ನೇ ತೆಗೆದುಕೊಳ್ಳಿರಿ. ಟಿಪ್ಪು ಸುಲ್ತಾನನು ೧೭೯೪ರಲ್ಲಿ ಅದರ ಮೇಲೆ ಕೋಟೆಯನ್ನು ಕಟ್ಟಿಸಿ ಜಮಾಲಾಬಾದೆಂದು ಹೆಸರಿಟ್ಟನು. ಸಮುದ್ರಮಟ್ಟದಿಂದ ಸುಮಾರು ೧,೭೦೦ ಅಡಿ ಎತ್ತರದ ಆ ಬಂಡೆಯ ತುದಿಯಿಂದ ಲೆಕ್ಕದ ಪ್ರಕಾರ ಎಂಭತ್ತು ಕಿಲೋಮೀಟರುಗಳ ತನಕ ದೃಷ್ಟಿಯು ಹರಿಯಬಹುದು. ಅದರ ಹಿಂದೆ ಮೋಡದೊಳಗೆ ತಲೆಯೆತ್ತಿ ನಿಂತಿರುವ ಕುದುರೆಮುಖದ ಎತ್ತರವು ೧,೮೯೪ ಮೀಟರು. ತಿಳಿಯಾದ ದಿನಗಳಲ್ಲಿ ಅದರ ಕುದುರೆಯಂತಹ ಮೋರೆಯು ದೂರದ ಕಡಲಿನಿಂದಲೇ ಕಾಣುವುದಾದುದರಿಂದ, ಹಾಯಿಯ ಕಾಲದ ನಾವಿಕರು ಅದನ್ನೇ ಗುರುತಾಗಿಟ್ಟುಕೊಂಡು ಕರಾವಳಿಯನ್ನು ತಿಳಿಯುತ್ತಿದ್ದರು. ಎತ್ತರದಲ್ಲಿರುವವನು ದೂರವನ್ನು ಕಾಣುವನು. ಎತ್ತರದಲ್ಲಿರುವ ವಸ್ತುವೂ ದೂರಕ್ಕೆ ಕಾಣುವುದು. ಮುಂದೆ ಹೇಳಲಿರುವುದಕ್ಕೆಲ್ಲ ಈ ಸಣ್ಣ ಸಂಗತಿಯೇ ಬುಡವಾಗಿರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ರೇಡಾರಿನ ಕ್ರಮ. ದೊಡ್ಡ ಬಂಡೆಯೊಂದಕ್ಕೆ ಎದುರಾಗಿ ನಿಂತು ಗಟ್ಟಿಯಾಗಿ ಕೂಗಿದರೆ ಸ್ವಲ್ಪ ಹೊತ್ತಿನಲ್ಲಿ ಮಾರುದನಿಯು ಕೇಳಿಬರುವುದಷ್ಟೆ? ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದು. ಕೂಗಿದ ಎರಡು ಸೆಕೆಂಡಿಗೆ ಮಾರುದನಿಯು ಬಂದರೆ, ಹೋಗಲು ಒಂದು, ಬರಲು ಒಂದೆಂದು ಲೆಕ್ಕ ಹಾಕಿ, ಬಂಡೆಯು ೩೪೦ ಮೀಟರು ದೂರದಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ರೇಡಾರು ಮಾಡುವುದೂ ಇದನ್ನೇ. ಶಬ್ದಕ್ಕೆ ಬದಲಾಗಿ ಅದು ರೇಡಿಯೋ ಅಲೆಗಳನ್ನು ಕಿರುತುಣುಕುಗಳಾಗಿ ಹೊರಕ್ಕೆ ಎಸೆಯುವುದು. ಇವುಗಳ ವೇಗವು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು. ಆದುದರಿಂದ ೧೫೦ ಕಿಲೋಮೀಟರು ದೂರದ ವಿಮಾನಕ್ಕೆ ತಗಲಿ ಮರಳುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಾಕು. ಈ ಸೂಕ್ಷ್ಮಕಾಲವನ್ನು ಯಂತ್ರವು ಅಳೆದು ದೂರವನ್ನು ಹೇಳುವುದು. ಅಲೆಗಳನ್ನು ಚೆಲ್ಲುವ ದೊಡ್ಡ ಚೌಕಟ್ಟು ಹಡಗಿನ ಮೇಲ್ಗಡೆ ಗಾಣದಂತೆ ಸುತ್ತುತ್ತಿರುವುದು. ಮಾರುದನಿಯು ಬಂದ ಕ್ಷಣದಲ್ಲಿ ಅದು ಯಾವ ಕಡೆಗೆ ಮುಖಮಾಡಿತ್ತೋ ಅದೇ ವಿಮಾನವಿರುವ ದಿಕ್ಕು. ಮೊದಮೊದಲಿನ ಯಂತ್ರಗಳು ದೂರವನ್ನೂ ದಿಕ್ಕನ್ನೂ ಹೇಳುತ್ತಿದ್ದುವು. ಈಗಿನ ಮೇಲಾದ ಯಂತ್ರಗಳು ಎತ್ತರವನ್ನೂ ಕೂಡಿಸಿ ಹೇಳುವುವು. ಕತ್ತಲೆಯಾಗಲಿ ಮಂಜಾಗಲಿ ಅವುಗಳಿಗೆ ತಡೆಯಲ್ಲ.

೧೯೩೫ರ ಫೆಬ್ರವರಿ ೨೬ರಂದು ಇಂಗ್ಲೆಂಡಿನ ಡಾವೆಂಟ್ರಿಯಲ್ಲಿ ವಾಟ್ಸನ್-ವಾಟ್ ಎಂಬವರು, ಹಾರುತ್ತಿದ್ದ ವಿಮಾನವೊಂದರಿಂದ ರೇಡಿಯೋ ಅಲೆಗಳು ಮರಳಿ ಬರುವುದನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಈ ವಿದ್ಯೆಯು ಹಡಗನ್ನೇರಿತು. ಬ್ರಿಟಿಷ್ ನೌಕಾದಳದಲ್ಲಿ ಮೊಟ್ಟಮೊದಲು ೧೯೩೮ರಲ್ಲಿ ವಿಮಾನಗಳನ್ನು ಕಾಣುವ ರೇಡಾರನ್ನು ಪಡೆದ ಹಡಗಿನ ಹೆಸರು ಶೆಫೀಲ್ಡ್. ಸುಮಾರು ಏಳು ಮೀಟರು ಉದ್ದದ ಅಲೆಗಳನ್ನು ಬಳಸುತ್ತಿದ್ದ ಆ ಯಂತ್ರವು ಹತ್ತು ಸಾವಿರ ಅಡಿ ಎತ್ತರದಲ್ಲಿ ಬರುವ ವಿಮಾನವನ್ನು ಐವತ್ತು ನಾವಿಕ ಮೈಲಿಗಳಷ್ಟು ದೂರದಲ್ಲಿಯೇ ಕಾಣುತ್ತಿತ್ತು. ಅದಕ್ಕೆ ಮೊದಲು ಕಾವಲಿನವನ ಕಣ್ಣೂ ದುರ್ಬೀನೂ ಹಡಗಿಗೆ ಆಧಾರವಾಗಿದ್ದುವು. ಈ ಶೆಫೀಲ್ಡ್ ಎಂಬ ಹೆಸರನ್ನು ಮುಂದೆ ಇನ್ನೊಮ್ಮೆ ಎತ್ತಬೇಕಾಗಿ ಬರುವುದು.

ದೂರವನ್ನು ಕಾಣುವುದು ಎಷ್ಟು ಕಷ್ಟವೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಹೊರಟ ಅಲೆಯು ದೀಪದ ಬೆಳಕಿನಂತೆ ಹರಡಿಕೊಂಡು ಹೋಗುವುದು. ದೂರವು ಎರಡರಷ್ಟಾದರೆ ವಿಮಾನಕ್ಕೆ ತಗಲುವ ಶಕ್ತಿಯು ನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ಅಲ್ಲಿಂದ ಹಿಮ್ಮರಳುವ ಅಲೆಯೂ ಹಾಗೆಯೇ ಹರಡುವುದರಿಂದ ಆ ನಾಲ್ಕರಲ್ಲೊಂದರಲ್ಲಿ ಮತ್ತೆ ನಾಲ್ಕರಲ್ಲೊಂದು ಮಾತ್ರ ಕೈಸೇರುವುದು. ಹೀಗೆ, ಬೇರೇನನ್ನೂ ಬದಲಾಯಿಸದೆ ದೃಷ್ಟಿಯ ದೂರವನ್ನು ಇಮ್ಮಡಿ ಮಾಡಬೇಕಾದರೆ ಶಕ್ತಿಯನ್ನು ಹದಿನಾರು ಮಡಿ ಹೆಚ್ಚಿಸಬೇಕು. ದೂರದ ರೇಡಾರುಗಳು ದೊಡ್ಡವೂ ಬೆಲೆಬಾಳುವವೂ ಆಗಿರುವುದಕ್ಕೆ ಇದೊಂದು ಕಾರಣ.

ನಮ್ಮ ಸೀಮೆಯವರಿಗೆ ಸುಲಭವಾಗಿ ಮನಸ್ಸಿಗೆ ಹತ್ತುವ ಇನ್ನೊಂದು ತೊಡಕು ಮಳೆಯದು. ಜೂನ್ ತಿಂಗಳ ಮಳೆಯಲ್ಲಿ ನೇತ್ರಾವತಿಯ ಈಚೆ ದಡದಿಂದ ಆಚೆ ದಡವು ಕಾಣದಂತಾಗುವುದನ್ನು ಬಂಟವಾಳದವರು ನೋಡಿಯೇ ಇರುವರು. ರೇಡಾರಿಗೂ ಮಳೆಯ ಹನಿಗಳು ಮಾರುದನಿಯನ್ನು ಕೊಡುವುವು. ಆ ಗದ್ದಲದಲ್ಲಿ ವಿಮಾನದ ಸಣ್ಣ ದನಿಯು ಅಡಗಿಹೋಗಬಹುದು. ಇದಕ್ಕೆ ಪರಿಹಾರವು ಅಲೆಯ ಉದ್ದದಲ್ಲಿದೆ. ಅಲೆಯನ್ನು ಎರಡರಷ್ಟು ಉದ್ದ ಮಾಡಿದರೆ ಮಳೆಹನಿಯ ಮಾರುದನಿಯು ಹದಿನಾರರಲ್ಲೊಂದು ಪಾಲಿಗೆ ಕುಗ್ಗುವುದು. ಆದುದರಿಂದ ಹಡಗುಗಳ ದೂರದ ಕಾವಲಿಗೆ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ಸೆಂಟಿಮೀಟರು ಉದ್ದದ, ಎಂದರೆ ಹೆಚ್ಚುಕಡಿಮೆ ಒಂದು ಗೇಣಿನಷ್ಟು ಅಲೆಗಳನ್ನು ಆರಿಸಿಕೊಳ್ಳುವರು. ಗುರಿಯನ್ನು ಕೂದಲೆಳೆಯಷ್ಟು ನಿಖರವಾಗಿ ಹಿಡಿಯಲು ಗಿಡ್ಡ ಅಲೆಯೇ ಮೇಲು. ಅದಕ್ಕಾಗಿ ಹಡಗಿನಲ್ಲಿ ಬೇರೆ ರೇಡಾರುಗಳಿರುವುವು. ಒಂದು ದೂರದಿಂದ ಎಚ್ಚರಿಸುವುದು. ಇನ್ನೊಂದು ಹತ್ತಿರ ಬಂದುದನ್ನು ಬಿಡದೆ ಹಿಂಬಾಲಿಸುವುದು.

ನಿಂತಿರುವುದನ್ನೂ ಚಲಿಸುವುದನ್ನೂ ಬೇರ್ಪಡಿಸಲು ಮತ್ತೊಂದು ಉಪಾಯವಿದೆ. ಬಿ. ಸಿ. ರೋಡಿನ ಹೆದ್ದಾರಿಯಲ್ಲಿ ಹಾರ್ನ್ ಹೊಡೆಯುತ್ತ ಬರುವ ಬಸ್ಸಿನ ದನಿಯು ಹತ್ತಿರ ಬರುವಾಗ ಏರಿದ ಸ್ವರದಲ್ಲಿಯೂ, ನಮ್ಮನ್ನು ದಾಟಿದೊಡನೆ ಇಳಿದ ಸ್ವರದಲ್ಲಿಯೂ ಕೇಳುವುದನ್ನು ಗಮನಿಸಿರಿ. ಚಲಿಸುವ ವಿಮಾನಕ್ಕೆ ತಗಲಿ ಮರಳಿದ ರೇಡಿಯೋ ಅಲೆಯ ಸ್ವರವೂ ಹಾಗೆಯೇ ತುಸು ಬದಲಾಗುವುದು. ಬೆಟ್ಟದಿಂದಲೋ ದ್ವೀಪದಿಂದಲೋ ಮರಳಿದುದು ಬದಲಾಗದು. ಈ ವ್ಯತ್ಯಾಸವನ್ನು ಹಿಡಿದು ಯಂತ್ರವು ಓಡುತ್ತಿರುವುದನ್ನಷ್ಟೇ ಆರಿಸಿ ತೋರಿಸಬಲ್ಲುದು.

ಗಾಳಿಯು ಸಹ ಒಮ್ಮೊಮ್ಮೆ ಆಟವಾಡುವುದು. ನಮ್ಮ ಅರಬ್ಬೀ ಸಮುದ್ರವು ಇದಕ್ಕೆ ಲೋಕಪ್ರಸಿದ್ಧವಾದ ಉದಾಹರಣೆ. ಮಳೆಗಾಲಕ್ಕೆ ಮುಂಚಿನ ಬಿಸಿ ದಿನಗಳಲ್ಲಿ ನೀರಿನ ಮೇಲೆ ತೇವದ ಗಾಳಿಯೂ ಅದರ ಮೇಲೆ ಒಣ ಬಿಸಿಗಾಳಿಯೂ ಪದರಪದರವಾಗಿ ನಿಂತಾಗ, ರೇಡಿಯೋ ಅಲೆಗಳು ಅವುಗಳ ನಡುವೆ ಓಣಿಯಲ್ಲಿ ಸಿಕ್ಕಿದಂತೆ ಭೂಮಿಯ ಬಾಗಿನೊಡನೆ ಬಾಗುತ್ತ ಬಹುದೂರ ಸಾಗುವುವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ ರೇಡಾರೊಂದಕ್ಕೆ ಸಾವಿರ ಮೈಲಿಗೂ ಆಚೆಯ ಅರೇಬಿಯದ ಕರೆಯಿಂದ ಮಾರುದನಿಗಳು ಬರುತ್ತಿದ್ದುವು. ಇದು ಲಾಭವೆಂದು ಹಿಗ್ಗುವಂತಿಲ್ಲ. ಹೀಗೆ ತಡವಾಗಿ ಬಂದ ಮಾರುದನಿಯು ಮುಂದಿನ ಕೂಗಿನದೆಂದು ಎಣಿಕೆಯಾಗಿ, ಸಾವಿರ ಮೈಲಿಯ ಬೆಟ್ಟವು ಐವತ್ತು ಮೈಲಿಯಲ್ಲಿರುವಂತೆ ತೋರಬಹುದು. ಯಂತ್ರವು ಕೊಟ್ಟ ಚಿಹ್ನೆಯನ್ನು ಓದುವ ಮನುಷ್ಯನಿಗೆ ಆ ದಿನದ ಗಾಳಿಯ ಗುಣವೂ ತಿಳಿದಿರಬೇಕು.

ಈಗ ಮೊದಲು ಹೇಳಿದ ಎತ್ತರದ ಮಾತಿಗೆ ಬರೋಣ. ಹಡಗಿನ ಕೂವೆಕಂಬದಲ್ಲಿ ನೀರಿನಿಂದ ಮೂವತ್ತು ಮೀಟರು ಮೇಲೆ ರೇಡಾರಿದೆಯೆಂದು ಭಾವಿಸಿರಿ. ಹತ್ತು ಸಾವಿರ ಮೀಟರು ಎತ್ತರದಲ್ಲಿ ಹಾರುವ ವಿಮಾನವು ಸುಮಾರು ೪೩೦ ಕಿಲೋಮೀಟರು ದೂರದಲ್ಲಿಯೇ ಅದರ ದೃಷ್ಟಿಯ ಗೆರೆಯನ್ನು ದಾಟಿ ಮೇಲೆದ್ದು ಬರುವುದು. ಗಂಟೆಗೆ ೯೦೦ ಕಿಲೋಮೀಟರು ಧಾವಿಸುವ ವಿಮಾನವೆಂದರೂ ಹಡಗನ್ನು ತಲಪಲು ಅರ್ಧ ಗಂಟೆಯ ಹೊತ್ತು ಬೇಕು. ಆದರೆ ಅದೇ ವಿಮಾನವು ನೀರಿನಿಂದ ಹತ್ತೇ ಮೀಟರು ಮೇಲೆ, ತೆಂಗಿನ ಮರಕ್ಕಿಂತಲೂ ತಗ್ಗಿನಲ್ಲಿ, ತೆರೆಗಳನ್ನು ಸವರಿಕೊಂಡು ಬಂದರೆ? ಆಗ ಅದು ಸುಮಾರು ೩೫ ಕಿಲೋಮೀಟರಿನ ಒಳಗೆ ಬರುವ ತನಕ ಭೂಮಿಯ ಬಾಗೇ ಅದಕ್ಕೆ ಮರೆಯಾಗಿರುವುದು. ಕಾಣಿಸಿಕೊಂಡ ಮೇಲೆ ಉಳಿಯುವ ಸಮಯವು ಎರಡೂ ಕಾಲು ನಿಮಿಷ. ರೇಡಾರಿನ ಶಕ್ತಿಯನ್ನು ಎಷ್ಟೇ ಹೆಚ್ಚಿಸಿದರೂ ಈ ಲೆಕ್ಕವು ಬದಲಾಗದು.

೧೯೮೨ರ ಮೇ ೪ರಂದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಫಾಕ್‌ಲೆಂಡ್ ದ್ವೀಪಗಳ ಬಳಿ ಇದೇ ನಡೆಯಿತು. ಅರ್ಜೆಂಟೀನದ ಎರಡು ವಿಮಾನಗಳು ಸಮುದ್ರಕ್ಕೆ ತಾಗುವಷ್ಟು ತಗ್ಗಿನಲ್ಲಿ ಬಂದು, ನೀರಿನ ಮೇಲೆ ಕೆಲವೇ ಮೀಟರುಗಳ ಎತ್ತರದಲ್ಲಿ ಓಡುವ ಎಕ್ಸೊಸೆಟ್ ಎಂಬ ಕ್ಷಿಪಣಿಗಳನ್ನು ಬಿಟ್ಟುವು. ಅವುಗಳಲ್ಲೊಂದು ಬ್ರಿಟಿಷರ ಯುದ್ಧನೌಕೆಯೊಂದಕ್ಕೆ ತಗಲಿ ಇಪ್ಪತ್ತು ಮಂದಿ ಮಡಿದರು; ಆರು ದಿನಗಳ ಮೇಲೆ ಹಡಗೂ ಮುಳುಗಿತು. ಆ ಹಡಗಿನ ಹೆಸರೂ ಶೆಫೀಲ್ಡ್. ೧೯೩೮ರಲ್ಲಿ ಮೊದಲ ಕಣ್ಣನ್ನು ಪಡೆದ ಹಳೆಯ ಶೆಫೀಲ್ಡಿನ ಹೆಸರನ್ನೇ ಹೊತ್ತ ಹೊಸ ಹಡಗಿಗೆ, ನಲವತ್ತನಾಲ್ಕು ವರ್ಷಗಳ ಮೇಲೆ, ಕಣ್ಣಿದ್ದೂ ಹೊತ್ತು ಸಾಲದೆ ಹೋಯಿತು. ಎತ್ತರದಿಂದ ಕಾವಲು ಮಾಡುವ ತನ್ನ ನೌಕಾವಿಮಾನಗಳನ್ನು ಬ್ರಿಟಿಷ್ ನೌಕಾದಳವು ೧೯೭೮ರಲ್ಲಿಯೇ ನಿಲ್ಲಿಸಿಬಿಟ್ಟಿತ್ತು. ಈ ಪೆಟ್ಟು ಬಿದ್ದ ಬಳಿಕ ಕೆಲವೇ ತಿಂಗಳಲ್ಲಿ ಹೆಲಿಕಾಪ್ಟರುಗಳಿಗೆ ರೇಡಾರನ್ನು ಕಟ್ಟಿ ಮೇಲೇರಿಸಿದರು.

ಗಡಾಯಿಕಲ್ಲಿನ ಪಾಠವೇ ಇದು: ತಗ್ಗಿನಲ್ಲಿ ಅಡಗಿ ಬರುವವನನ್ನು ಕಾಣಬೇಕಾದರೆ ನೋಡುವವನು ಮೇಲೇರಬೇಕು. ರೇಡಾರು ಮೂರು ಸಾವಿರ ಮೀಟರು ಎತ್ತರಕ್ಕೇರಿದರೆ, ತೆರೆಗಳನ್ನು ಸವರಿ ಬರುವ ವಿಮಾನದ ಮರೆಯ ಗೆರೆಯು ೩೫ ಕಿಲೋಮೀಟರಿನಿಂದ ಇನ್ನೂರು ಕಿಲೋಮೀಟರಿಗೂ ಆಚೆಗೆ ಸರಿಯುವುದು. ನಮ್ಮ ನೌಕಾದಳವು ಇದಕ್ಕೆಂದೇ ರಷ್ಯದಿಂದ ಕಾಮೊವ್-೩೧ ಎಂಬ ಹೆಲಿಕಾಪ್ಟರುಗಳನ್ನು ತರಿಸಿತು. ೨೦೦೩ರಲ್ಲಿ ಅವುಗಳ ದಳವು ನಮ್ಮ ನೆರೆಯ ಗೋವೆಯ ಹಂಸ ನೆಲೆಯಲ್ಲಿ ಸ್ಥಾಪಿತವಾಯಿತು. ಹೊಟ್ಟೆಯ ಕೆಳಗೆ ಮಡಿಸಿಟ್ಟ ಚೌಕಟ್ಟು ಮೇಲೇರಿದ ಮೇಲೆ ಬಿಚ್ಚಿಕೊಂಡು ತಿರುಗುತ್ತ ಸುತ್ತಲನ್ನೂ ನೋಡುವುದು.

ಈ ವಿದ್ಯೆಯಲ್ಲಿ ನಮ್ಮ ಕನ್ನಡನಾಡಿಗೆ ಇರುವ ಪಾಲನ್ನು ವಾಚಕರು ಅರಿತಿರುವುದು ಒಳ್ಳೆಯದು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ೧೯೫೪ರಲ್ಲಿ ಸ್ಥಾಪಿತವಾಯಿತು. ಹಾಲೆಂಡಿನ ಸಿಗ್ನಾಲ್ ಸಂಸ್ಥೆಯ ಅನುಮತಿಯನ್ನು ಪಡೆದು ಅಲ್ಲಿ ತಯಾರಿಸಿದ ದೂರದ ರೇಡಾರುಗಳು ನಮ್ಮ ಯುದ್ಧನೌಕೆಗಳನ್ನೇರಿದುವು. ಅದೇ ನಗರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದ, ರೇಡಾರುಗಳನ್ನೇ ರೂಪಿಸುವ ಪ್ರಯೋಗಾಲಯವೂ ಇದೆ. ಅಲ್ಲಿನವರು ತಮ್ಮ ಯಂತ್ರಗಳಿಗೆ ರೋಹಿಣಿ, ರೇವತಿ, ಭರಣಿ ಎಂದು ನಕ್ಷತ್ರಗಳ ಹೆಸರನ್ನಿಟ್ಟಿರುವರು; ಪಂಚಾಂಗವನ್ನು ನೋಡುವ ನಮ್ಮ ಹಿರಿಯರಿಗೆ ಇದು ಸಂತೋಷವನ್ನುಂಟುಮಾಡದಿರದು. ರೋಹಿಣಿಯು ವಾಯುದಳದ್ದು, ರೇವತಿಯು ನೌಕಾದಳದ್ದು. ೨೦೧೪ರಲ್ಲಿ ಸೇವೆಗೆ ಸೇರಿದ ಕಾಮೋರ್ಟಾ ಎಂಬ ಹಡಗಿನಲ್ಲಿ ರೇವತಿಯೇ ಕಾವಲಿರುವಳು.

ಕಾರವಾರದಲ್ಲಿ ೨೦೦೫ರಲ್ಲಿ ತೆರೆದ ನೌಕಾನೆಲೆಗೆ ಬನವಾಸಿಯ ರಾಜವಂಶದ ನೆನಪಿಗಾಗಿ ಕದಂಬವೆಂದು ಹೆಸರಿಟ್ಟರು. ವಿಮಾನಗಳನ್ನು ಹೊತ್ತು ನಡೆಯುವ ವಿಕ್ರಮಾದಿತ್ಯ ಹಡಗು ರಷ್ಯದಿಂದ ಹೊರಟು ೨೦೧೪ರ ಜನವರಿಯಲ್ಲಿ ಬಂದು ಸೇರಿದುದು ಅಲ್ಲಿಗೇ. ಕೊಚ್ಚಿಯಲ್ಲಿ ಕಟ್ಟಿ ೨೦೨೨ರ ಸೆಪ್ಟೆಂಬರ್ ೨ರಂದು ಸೇವೆಗೆ ಸೇರಿಸಿದ ವಿಕ್ರಾಂತದ ಮೇಲೆ ಇಟಲಿಯವರ ದೂರದ ರೇಡಾರಿದೆ. ಇಂತಹ ಯಂತ್ರಗಳು ನಮ್ಮಲ್ಲಿಯೇ ಸಿದ್ಧವಾಗಲೆಂದು ೨೦೨೦ರಲ್ಲಿ ಇನ್ನೊಂದು ಒಪ್ಪಂದವಾಯಿತು. ಸ್ಪೇನ್ ದೇಶದ ಸಂಸ್ಥೆಯೊಂದರ ‘ಲಾಂಝಾ’ ಎಂಬ ರೇಡಾರುಗಳು ಇಪ್ಪತ್ತಮೂರು. ಅವುಗಳಲ್ಲಿ ಮೂರು ಅಲ್ಲಿಂದ ಬರತಕ್ಕವು, ಇಪ್ಪತ್ತು ಟಾಟಾ ಸಂಸ್ಥೆಯಿಂದ ಇಲ್ಲಿ ಜೋಡಿಸಲ್ಪಡತಕ್ಕವು. ಜೋಡಣೆಯ ಶಾಲೆಯು ಕರ್ನಾಟಕದಲ್ಲಿಯೇ ಏರ್ಪಟ್ಟಿದೆ. ೨೦೨೫ರಲ್ಲಿ ಮೊದಲ ಯಂತ್ರವು ನಮ್ಮ ಯುದ್ಧನೌಕೆಯೊಂದರ ಮೇಲೆ ಕೆಲಸಕ್ಕೆ ತೊಡಗಿತು. ಆ ಸ್ಪೇನಿನ ಸಂಸ್ಥೆಯ ಹೆಸರು ಇಂದ್ರ! ಸಾವಿರ ಕಣ್ಣಿನವನ ಹೆಸರು ಅಷ್ಟು ದೂರದವರಿಗೆ ಹೇಗೆ ಒದಗಿತೋ, ಕೆಲಸಕ್ಕಂತೂ ಚೆನ್ನಾಗಿ ಒಪ್ಪಿದೆ. ಇದರ ದೃಷ್ಟಿಯ ದೂರವು ೪೭೦ ಕಿಲೋಮೀಟರೆಂದು ಹೇಳಿರುವರು. ೧೯೫೬ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಅಮೀನಿ ದ್ವೀಪವು ಮಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರು. ಮಂಗಳೂರಿನ ಎದುರು ನಿಂತ ಹಡಗಿಗೆ ಆ ದ್ವೀಪದ ಮೇಲೆ ಎತ್ತರದಲ್ಲಿ ಹಾರುವ ವಿಮಾನವು ಗೋಚರವಾಗುವುದೆಂದರೆ ಈ ದೂರದ ಅಂದಾಜು ಸಿಗುವುದು.

ಇಷ್ಟರ ತನಕ ಯಂತ್ರದ ಮಾತಾಯಿತು. ಯಂತ್ರವು ನಮಗೆ ಕೊಡುವುದು ಸಮಯವನ್ನು. ಕೆಲವು ವೇಳೆ ಅರ್ಧ ಗಂಟೆ, ಕೆಲವು ವೇಳೆ ಎರಡು ನಿಮಿಷ. ಆ ಸಮಯವನ್ನು ಏನು ಮಾಡಬೇಕೆಂಬುದು ಮನುಷ್ಯನ ಬುದ್ಧಿಗೆ ಬಿಟ್ಟುದು. ಅದು ಎರಡು ಬಗೆಯಲ್ಲಿ ಕೆಡಬಹುದೆಂಬುದಕ್ಕೆ ಚರಿತ್ರೆಯಲ್ಲಿ ಎರಡು ದೊಡ್ಡ ನಿದರ್ಶನಗಳಿವೆ.

ಮೊದಲನೆಯದು ೧೯೪೧ರ ಡಿಸೆಂಬರ್ ೭ರ ಭಾನುವಾರ ಬೆಳಿಗ್ಗೆ ಹವಾಯಿ ದ್ವೀಪದಲ್ಲಿ ನಡೆಯಿತು. ಅಮೆರಿಕದ ನೌಕಾಬಲವು ಪರ್ಲ್ ಹಾರ್ಬರ್ ಎಂಬ ಬಂದರಿನಲ್ಲಿ ಸಾಲಾಗಿ ಲಂಗರು ಹಾಕಿತ್ತು. ಅದರ ರಕ್ಷಣೆಗಾಗಿ ದ್ವೀಪದ ಬಡಗಣ ತುದಿಯ ಒಪಾನಾ ಎಂಬಲ್ಲಿ ರೇಡಾರನ್ನಿಟ್ಟಿದ್ದರು. ಲೋಕಾರ್ಡ್, ಎಲಿಯಟ್ ಎಂಬ ಇಬ್ಬರು ಎಳೆಯ ಸಿಪಾಯಿಗಳು ಅಲ್ಲಿದ್ದರು. ಅವರ ಕೆಲಸವು ಏಳು ಗಂಟೆಗೇ ಮುಗಿದಿತ್ತು. ಉಪಾಹಾರಕ್ಕೆ ಕರೆದೊಯ್ಯುವ ಗಾಡಿಯು ಬರಲು ತಡವಾದುದರಿಂದ ಅಭ್ಯಾಸಕ್ಕೆಂದು ಯಂತ್ರವನ್ನು ನಿಲ್ಲಿಸದೆ ನೋಡುತ್ತಿದ್ದರು. ಏಳು ಗಂಟೆ ಎರಡು ನಿಮಿಷಕ್ಕೆ, ೧೩೨ ಮೈಲಿ ದೂರದಲ್ಲಿ, ಅವರು ಅದುವರೆಗೆ ಕಂಡಿರದಷ್ಟು ದೊಡ್ಡ ಗುರುತು ಮೂಡಿತು. ಅವರು ದೂರವಾಣಿಯಲ್ಲಿ ತಿಳಿಸಿದರು. ಸುದ್ದಿಯನ್ನು ಕೂಡಿಸಿ ನೋಡಬೇಕಾದ ಕಚೇರಿಯಲ್ಲಿ ಆ ಹೊತ್ತಿಗೆ ಉಳಿದಿದ್ದವನು ಆ ಕೆಲಸಕ್ಕೆ ಹೊಸಬನಾದ ಅಧಿಕಾರಿಯೊಬ್ಬನು. ತಮ್ಮದೇ ವಿಮಾನಗಳು ಆ ಬೆಳಿಗ್ಗೆ ಬರಲಿರುವುವೆಂದು ಅವನು ಊಹಿಸಿದ್ದನು, ಚಿಂತಿಸಬೇಡಿರೆಂದು ಹೇಳಿಬಿಟ್ಟನು. ಬಂದುವು ಜಪಾನಿನ ವಿಮಾನಗಳು. ಏಳು ಗಂಟೆ ಐವತ್ತೈದಕ್ಕೆ ಬಾಂಬುಗಳು ಬೀಳತೊಡಗಿದುವು. ಎರಡು ಸಾವಿರದ ನಾನೂರಕ್ಕೂ ಮಿಕ್ಕಿ ಅಮೆರಿಕದವರು ಸತ್ತರು. ಯಂತ್ರವು ಐವತ್ತು ನಿಮಿಷಗಳಿಗಿಂತ ಹೆಚ್ಚು ಹೊತ್ತನ್ನು ಸಂಪಾದಿಸಿಕೊಟ್ಟಿತ್ತು. ಅದರಲ್ಲಿ ಒಂದು ನಿಮಿಷವೂ ಆ ಹಡಗುಗಳಿಗೆ ದಕ್ಕಲಿಲ್ಲ. ಆ ಅಧಿಕಾರಿಯೊಬ್ಬನನ್ನೇ ದೂರುವುದು ನ್ಯಾಯವಲ್ಲ. ಸುದ್ದಿಯು ಬಂದರೆ ಯಾರು ಕೇಳಬೇಕು, ಕೇಳಿದವನು ಯಾರಿಗೆ ಹೇಳಬೇಕು, ಹೇಳಿದರೆ ಏನಾಗಬೇಕು ಎಂಬ ವ್ಯವಸ್ಥೆಯೇ ಅಲ್ಲಿ ಇನ್ನೂ ಕುದುರಿರಲಿಲ್ಲ.

ಎರಡನೆಯದು ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದುದು. ೧೯೮೮ರ ಜುಲೈ ೩ರಂದು ಇರಾನಿನ ಪ್ರಯಾಣಿಕ ವಿಮಾನವೊಂದು ಬಂದರ್ ಅಬ್ಬಾಸಿನಿಂದ ದುಬಾಯಿಗೆ ಹೊರಟಿತು. ಕೆಳಗೆ ಕೊಲ್ಲಿಯ ನೀರಿನಲ್ಲಿ ಅಮೆರಿಕದ ವಿನ್ಸೆನ್ಸ್ ಎಂಬ ಯುದ್ಧನೌಕೆಯು ಇರಾನಿನ ದೋಣಿಗಳೊಡನೆ ಕಾದಾಡುತ್ತಿತ್ತು. ಆ ಕಾಲಕ್ಕೆ ಲೋಕದಲ್ಲಿಯೇ ಮೇಲಾದ ರೇಡಾರುಗಳಲ್ಲೊಂದು ಆ ಹಡಗಿನಲ್ಲಿತ್ತು. ವಿಮಾನವು ಮೇಲೇರುತ್ತಿದ್ದುದನ್ನು ಯಂತ್ರವು ಸರಿಯಾಗಿಯೇ ಬರೆದಿಟ್ಟಿತು. ಆದರೆ ಕಾದಾಟದ ಗದ್ದಲದಲ್ಲಿ, ಯುದ್ಧವಿಮಾನವೊಂದು ತಮ್ಮ ಮೇಲೆ ಇಳಿದುಬರುತ್ತಿದೆಯೆಂದು ನೋಡುವವರು ನಂಬಿದರು, ಕ್ಷಿಪಣಿಗಳನ್ನು ಹಾರಿಸಿದರು. ಅರುವತ್ತಾರು ಮಕ್ಕಳನ್ನೊಳಗೊಂಡು ೨೯೦ ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಭಾರತೀಯರೂ ಇದ್ದರು. ಕೊಲ್ಲಿಗೆ ಮಗನನ್ನೋ ಅಳಿಯನನ್ನೋ ಕಳುಹಿಸಿ, ತಲಪಿದೆನೆಂಬ ಮಾತು ಬರುವ ತನಕ ದೇವರ ದೀಪದ ಮುಂದೆ ಕುಳಿತಿರುವ ತಾಯಂದಿರಿಗೆ ಈ ಸಂಗತಿಯ ಭಾರವನ್ನು ನಾವು ವಿವರಿಸಬೇಕಾಗಿಲ್ಲ.

ಒಂದು ಕಡೆ ನಿಜವಾದ ಅಪಾಯವನ್ನು ಕಂಡವನು ಅದನ್ನು ಉದಾಸೀನ ಮಾಡಿದನು. ಇನ್ನೊಂದು ಕಡೆ ಇಲ್ಲದ ಅಪಾಯವನ್ನು ಕಂಡೆನೆಂದು ಭ್ರಮಿಸಿದವನು ಅವಸರಪಟ್ಟನು. ಎರಡರಲ್ಲಿಯೂ ರೇಡಾರು ತನ್ನ ಕೆಲಸವನ್ನು ಮಾಡಿಯೇ ಇತ್ತು. ದೃಷ್ಟಿಯು ೫೦ ಮೈಲಿಯಿಂದ ೪೭೦ ಕಿಲೋಮೀಟರಿಗೆ ಬೆಳೆದಂತೆ ಇವೆರಡು ಕೇಡುಗಳಿಗೂ ಎಡೆಯು ಹೆಚ್ಚುವುದೆಂದು ನಮ್ಮ ಅಭಿಪ್ರಾಯ. ಏಕೆಂದರೆ ದೂರವನ್ನು ಕಾಣುವ ಕಣ್ಣಿಗೆ ಶತ್ರುವಿನ ವಿಮಾನದ ಜೊತೆಗೆ ನೂರಾರು ಪ್ರಯಾಣಿಕ ವಿಮಾನಗಳೂ ಕಾಣುವುವು. ತಾನು ಯಾರೆಂದು ಕೇಳಿದೊಡನೆ ಉತ್ತರ ಕೊಡುವ ಯಂತ್ರವು ಈಗ ಪ್ರಯಾಣಿಕ ವಿಮಾನಗಳಲ್ಲೆಲ್ಲ ಇರುವುದು ನಿಜ. ೧೯೮೮ರ ಆ ವಿಮಾನದಲ್ಲಿಯೂ ಅದಿತ್ತು, ಉತ್ತರವನ್ನೂ ಕೊಡುತ್ತಿತ್ತು. ಆದುದರಿಂದ ಹೊಸ ರೇಡಾರನ್ನು ಕೊಂಡೆವು, ನಮ್ಮಲ್ಲಿಯೇ ಮಾಡಿದೆವು ಎಂಬ ಹೆ‌ಮ್ಮೆಯ ಸುದ್ದಿಯನ್ನು ಓದುವಾಗ, ಅದನ್ನು ನೋಡುವವರಿಗೆ ಎಷ್ಟು ಕಾಲದ ಶಿಕ್ಷಣವಾಗಿದೆ, ಅವರ ಮಾತನ್ನು ಕೇಳುವವರಾರು ಎಂಬುದನ್ನು ಸಹ ಕೇಳುವುದು ಪ್ರಜೆಗಳಾದ ನಮ್ಮ ಕರ್ತವ್ಯ.

ಈ ವಿವೇಕವು ನಮ್ಮ ಹೊಳೆಯ ಬದಿಯವರಿಗೆ ಹೊಸದಲ್ಲ. ೧೯೨೩ರ ಮಾರಿಬೊಳ್ಳವನ್ನೂ ೧೯೭೪ರ ನೆರೆಯನ್ನೂ ಕಂಡ ಊರು ಬಂಟವಾಳ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೂ ನೇತ್ರಾವತಿಯೂ ದೇವಸ್ಥಾನದ ಮುಂದೆ ಕೂಡಿದುವೆಂಬ ಸುದ್ದಿಯು ಬಂದರೆ, ಕೆಳಗಿನ ಪೇಟೆಯವರಿಗೆ ನೀರು ತಲಪುವ ಮುಂಚೆ ಕೆಲವು ಗಂಟೆಗಳು ದೊರಕಿದುವೆಂದೇ ಅರ್ಥ. ಆ ಹೊತ್ತಿನಲ್ಲಿ ಅಂಗಡಿಯ ಅಕ್ಕಿಯ ಮೂಟೆಗಳನ್ನು ಅಟ್ಟಕ್ಕೇರಿಸಿದವನ ಮನೆಯು ಉಳಿಯುವುದು. ಪ್ರತಿವರ್ಷವೂ ಹೀಗೆಯೇ ಹೇಳುವರೆಂದು ಮಲಗಿದವನ ಮನೆಗೆ ನೀರು ನುಗ್ಗುವುದು. ಸುದ್ದಿಯನ್ನು ಸರಿಯಾಗಿ ಕೇಳದೆ ಕತ್ತಲೆಯಲ್ಲಿ ಮಕ್ಕಳುಮರಿಗಳೊಡನೆ ದೋಣಿಯನ್ನು ಹತ್ತಿದವನಿಗೂ ಅಪಾಯವೇ. ಹೊಳೆಯ ದಡದಲ್ಲಿ ಹಿರಿಯರು ಮಾಡುತ್ತ ಬಂದುದು ಮೂರು ಕೆಲಸ: ಸುದ್ದಿಯನ್ನು ಕೇಳುವುದು, ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವುದು, ಖಚಿತವಾದೊಡನೆ ತಡಮಾಡದೆ ಏಳುವುದು.

ಈ ಪುಟವನ್ನು ವಾಚಕರು ಓದುತ್ತಿರುವ ಹೊತ್ತಿಗೂ ಪಡುವಣ ಕಡಲಿನಲ್ಲಿ ಯಾವುದೋ ಹಡಗಿನ ಮಂಕುಬೆಳಕಿನ ಕೋಣೆಯಲ್ಲಿ, ಯಾರದೋ ಮನೆಯ ಮಗನೋ ಮಗಳೋ ಆ ಚಿಹ್ನೆಗಳನ್ನು ನೋಡುತ್ತ ಕುಳಿತಿರುವರು. ನಾಲ್ಕು ಗಂಟೆಗಳ ಕಾವಲು. ಎಲ್ಲ ದಿನಗಳಲ್ಲಿಯೂ ಬಹುಮಟ್ಟಿಗೆ ಏನೂ ನಡೆಯದು. ಬಜಪೆಯಿಂದ ಹೊರಟ ವಿಮಾನವೂ ಅವರ ಮುಂದೆ ಒಂದು ಸಣ್ಣ ಚುಕ್ಕೆಯಾಗಿ ಮೂಡಿ, ತನ್ನ ಹೆಸರನ್ನು ಹೇಳಿ, ಮೆಲ್ಲನೆ ಅಂಚನ್ನು ದಾಟಿಹೋಗುವುದು.